ಕೋಟಿ ಸಂಭ್ರಮದಲ್ಲಿ ಬ್ರೇಕಕ್ಕ

ಬ್ರೇಕಕ್ಕನ ಮುಖ ನೋಡುವುದಕ್ಕೆ ಎಷ್ಟೋ ಮೊದಲೇ ನಾನು ಅವರಿಂದ ಬೈಸಿಕೊಂಡಿದ್ದೆ. ಬೈಸಿಕೊಳ್ಳುವುದೇ ನನ್ನ ಉದ್ಯೋಗ. ಜನ ಫೋನಿಗೆ ಆಟಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿಯೊಂದರಲ್ಲಿ ದೂರು ವಿಭಾಗದ ಗುಮಾಸ್ತ ನಾನು. ಕೊರಳಿಗೆ ನೇತುಹಾಕಿದ ಕಾರ್ಡಿನಲ್ಲಿ ಮಾತ್ರ ‘ಸಮುದಾಯ ಸಂತೋಷ ಅಧಿಕಾರಿ’ ಎಂದಿದೆ. ನಮ್ಮಮ್ಮ ಆ ಕಾರ್ಡನ್ನು ನೆಂಟರಿಗೆಲ್ಲ ತೋರಿಸಿ ಮಗ ಆಫೀಸರಾಗಿದ್ದಾನೆ ಎಂದು ಹೇಳಿಕೊಂಡು ಬಂದಿದ್ದಾಳೆ. ಈ ಆಫೀಸರು ದಿನವಿಡೀ ಮಾಡುವುದು ಇಷ್ಟೇ: ಕೈಕೊಟ್ಟ ಆಟಗಳ ಬಗ್ಗೆ ಜನ ಬರೆದ ಬೈಗುಳ ಓದುವುದು, ನಿಮ್ಮ ಅನಿಸಿಕೆ ಅಮೂಲ್ಯ ಎಂದು ಉತ್ತರಿಸುವುದು, ಕೆಳಗೊಂದು ನಗುಮುಖ ಅಂಟಿಸಿ ‘ಇಂತಿ ನಿಮ್ಮ ಪ್ರೀತಿಯ ಆಟದಣ್ಣ’ ಎಂದು ಸಹಿ ಹಾಕುವುದು. ಆಟದಣ್ಣ ಎಂಬ ಹೆಸರು ನಾನು ಇಟ್ಟುಕೊಂಡದ್ದಲ್ಲ, ಕುರ್ಚಿಯ ಜೊತೆಗೇ ಬಂದದ್ದು. ನನ್ನ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದವನೂ ಆಟದಣ್ಣನೇ.

‘ಬ್ರೇಕಕ್ಕ’ ಎಂಬ ಖಾತೆಯಿಂದ ಬಂದ ಮೊದಲ ದೂರಿಗೆ ನಾನು ಹೀಗೇ ಉತ್ತರಿಸಿದೆ. ತಕ್ಷಣ ಮರುತ್ತರ ಬಂತು: “ನನಗಿರೋದು ಒಬ್ಬನೇ ಅಣ್ಣ. ಅವನು ಮನೇಲಿದ್ದಾನೆ. ನೀನು ಯಾರು?”

ದೂರು ಒಂದು ಕಪ್ಪೆಯ ಬಗ್ಗೆ. ಕಪ್ಪೆಯೊಂದು ಕೊಳದಲ್ಲಿ ಎಲೆಯಿಂದ ಎಲೆಗೆ ಹಾರುತ್ತ ಆಚೆ ದಡ ಸೇರಬೇಕು. ಅದು ನಮ್ಮ ಅಂಗಡಿಯವರೇ ಮಾಡಿದ ಪುಟ್ಟ ಆಟ. ಪರದೆಯ ಕೆಳಗೆ ಎಡಮೂಲೆಯಲ್ಲಿ ಹಸಿರು ಗುಂಡಿಯಿತ್ತು. ಅದನ್ನು ಒತ್ತಿದರೆ ಕಪ್ಪೆ ಹಾರುತ್ತಿತ್ತು. ನಡುವೆ ನಮ್ಮವರು ಆಟವನ್ನು ‘ಸುಧಾರಿಸಿದರು’. ಗುಂಡಿ ಬಲಮೂಲೆಗೆ ಹೋಯಿತು. ಎಡಮೂಲೆಯಲ್ಲಿ ಬೇರೆ ಆಟಗಳ ಜಾಹೀರಾತು ಬಂದು ಕೂತಿತು. ಬೆರಳು ಅದರ ಮೇಲೆ ಒಂದು ಕ್ಷಣ ಹೆಚ್ಚು ನಿಂತರೆ ಸಾಕು, ಆ ಆಟ ಫೋನಿಗೆ ಇಳಿದೇಬಿಡುತ್ತದೆ.

ಬ್ರೇಕಕ್ಕನಿಗೆ ಆ ಗುಂಡಿ ಎಡಕ್ಕೇ ಬೇಕಿತ್ತು. ಅಣ್ಣನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿತ್ತು. ವ್ಯಾಯಾಮ ಮಾಡಿಸಲು ಬರುವಾಕೆ ಚೆಂಡು ಕೊಟ್ಟು ಹಿಸುಕಿ ಎಂದರೆ, ನಾನೇನು ಮಗುವಾ ಎಂದು ಆತ ಚೆಂಡನ್ನೇ ಎಸೆಯುತ್ತಿದ್ದರು. ಕಪ್ಪೆ ಮಾತ್ರ ಅದು ಹೇಗೋ ಹಿಡಿಸಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಅದರ ಮೇಲಿಟ್ಟುಕೊಂಡು, ಆ ಜಡ ಹೆಬ್ಬೆರಳಲ್ಲಿ ಕುಟ್ಟಿ ಕುಟ್ಟಿ ಕಪ್ಪೆಯನ್ನು ಆಚೆ ದಡ ಮುಟ್ಟಿಸುವಷ್ಟು ಸುಧಾರಿಸಿದ್ದರು. ಗುಂಡಿ ಬಲಕ್ಕೆ ಹೋದ ಮೇಲೆ ಎಡ ಹೆಬ್ಬೆರಳಿಗೆ ಅದು ಎಟುಕುತ್ತಿರಲಿಲ್ಲ. ಆದರೆ ರೂಢಿ ಬಿಡಬೇಕಲ್ಲ? ಬೆರಳು ಹಳೆಯ ಜಾಗವನ್ನೇ ಒತ್ತುತ್ತಿತ್ತು. ಒತ್ತಿದ್ದು ಬೇಗ ಏಳುತ್ತಿರಲಿಲ್ಲ. ಒಂದೊಂದು ಒತ್ತಿಗೂ ಒಂದೊಂದು ಹೊಸ ಆಟ ಫೋನಿಗೆ ಇಳಿಯುತ್ತಿತ್ತು. ಸಂಜೆ ಕೆಲಸದಿಂದ ಬಂದ ತಂಗಿ ಕೂತು ಎಲ್ಲವನ್ನೂ ಅಳಿಸುತ್ತಿದ್ದರು. ಮರುದಿನ ಮತ್ತೆ ಅದೇ ಕತೆ.

ನಾನೇನು ಮಾಡಿದೆ? ಫೋನನ್ನು ತಲೆಕೆಳಗು ಮಾಡಿ ಹಿಡಿದು ನೋಡಿ ಎಂದು ಬರೆದೆ. ದೊಡ್ಡ ಉಪಾಯ ಹೇಳಿದೆನೆಂಬ ಖುಷಿಯಲ್ಲಿ ಎದ್ದು ಹೋಗಿ ಕಾಫಿ ಬೇರೆ ಕುಡಿದು ಬಂದೆ. ಅಷ್ಟರಲ್ಲಿ ಉತ್ತರ ಬಂದಿತ್ತು: “ಮಾಡಿದೆ. ಗುಂಡಿನೂ ತಿರುಗಿ ಮತ್ತೆ ಬಲಕ್ಕೇ ಬಂದು ಕೂತ್ಕೊಂಡಿತು. ನಿನ್ನ ತಲೆಯೊಳಗೆ ಏನಾದರೂ ಇದ್ದರೆ ಅದನ್ನ ತಿರುಗಿಸಿ ನೋಡು.”

ದೂರನ್ನು ಮೇಲಕ್ಕೆ ಕಳಿಸಿದೆ. ಮೇಲೆ ಎಂದರೆ ಯಾರು, ಅಲ್ಲಿ ಯಾರಾದರೂ ಓದುತ್ತಾರೆಯೇ, ನನಗೂ ಗೊತ್ತಿರಲಿಲ್ಲ.

ಹೀಗೇ ದೂರು ಬರುತ್ತ ತಿಂಗಳುಗಳು ಕಳೆಯುವಷ್ಟರಲ್ಲಿ ನಮ್ಮ ಅಂಗಡಿಗೆ ಕೋಟಿ ಡೌನ್‌ಲೋಡಿನ ಜ್ವರ ಬಂತು. ಪ್ರಚಾರ ವಿಭಾಗದ ಮುಖ್ಯಸ್ಥನನ್ನು ನಾವು ಬೆನ್ನ ಹಿಂದೆ ಬಲೂನು ಎನ್ನುತ್ತೇವೆ, ಯಾವುದನ್ನು ಕೊಟ್ಟರೂ ಊದಿಬಿಡುತ್ತಾನೆ. ಕೋಟಿ ಮುಟ್ಟಿದ ದಿನ ಆತ ಮೇಜು ಹತ್ತಿ ಕುಣಿದ. ದೊಡ್ಡ ಸಮಾರಂಭ, ನೇರ ಪ್ರಸಾರ, ಗ್ರಾಹಕರೆಲ್ಲ ಮನೆಯಿಂದಲೇ ನೋಡುತ್ತ ಸಂದೇಶ ಬರೆಯಬಹುದು. ಮುಖ್ಯ ಅತಿಥಿಯಾಗಿ ‘ನಮ್ಮ ಅತಿ ಪ್ರೀತಿಯ ಆಟಗಾರ’. ಯಾರು ಅತಿ ಹೆಚ್ಚು ಆಟ ಇಳಿಸಿಕೊಂಡಿದ್ದಾರೋ ಅವರೇ. ಕಂಪ್ಯೂಟರ್ ಹುಡುಕಿ ಕೊಟ್ಟ ಹೆಸರು ಬ್ರೇಕಕ್ಕ.

“ಸರ್, ಇವರು ಬೇಡ,” ಎಂದೆ. “ಇವರು ಬೈಯೋರು.”

“ಬೈಯೋರು ಇಷ್ಟೊಂದು ಡೌನ್‌ಲೋಡ್ ಮಾಡ್ತಾರೇನಯ್ಯಾ? ಇದಕ್ಕೆ ಪ್ರೀತಿ ಅಂತಾರೆ. ನಿನಗೆಲ್ಲಿ ಅರ್ಥ ಆಗಬೇಕು!”

“ಅದು ಅವರಣ್ಣನ ಬೆರಳು ಸರ್...”

“ಅಣ್ಣನೂ ಆಡ್ತಾರಾ? ಇಡೀ ಸಂಸಾರ! ಇನ್ನೂ ಒಳ್ಳೇದು.”

ಆತ ಫೋನ್ ಮಾಡಿ, ಅಮ್ಮಾ, ನಿಮ್ಮ ಜೊತೆ ಮಾತಾಡಬೇಕು, ದಯವಿಟ್ಟು ಬರಬೇಕು ಎಂದಷ್ಟೇ ಹೇಳಿದನಂತೆ. ಅಚ್ಚರಿ ಕೆಡಬಾರದಲ್ಲ! ಆ ಹೆಂಗಸು ಏನು ತಿಳಿದುಕೊಂಡಿರಬಹುದು? ಕೊನೆಗೂ ತನ್ನ ದೂರನ್ನು ಯಾರೋ ಓದಿದರು ಎಂದೇ ತಿಳಿದುಕೊಂಡರು. ಬೆಳಗಿನ ಪಾಠಗಳನ್ನೆಲ್ಲ ರದ್ದು ಮಾಡಿ ಬಂದರು.

ಪಾಠವೆಂದರೆ ಕಾರು ಓಡಿಸುವ ಪಾಠ. ನೆತ್ತಿಯ ಮೇಲೆ ಕೆಂಪು ಫಲಕ ಹೊತ್ತ, ಮೈಯೆಲ್ಲ ತರಚಿದ ಬಿಳಿ ಕಾರು ನಮ್ಮ ಆಫೀಸಿನ ಮುಂದೆ ಬಂದು ನಿಂತಿತು. ಶಾಲೆ ಅಣ್ಣನದು. ತಂಗಿಗೂ ಕಾರು ಕಲಿಸಿದವರು ಅವರೇ. ಮದುವೆ ಮುರಿದು ಮಗನನ್ನು ಕಟ್ಟಿಕೊಂಡು ಬಂದ ತಂಗಿಯನ್ನು, ಅಳೋದಾದರೆ ಕ್ಲಚ್ ಒತ್ತಿಕೊಂಡು ಅಳು ಎಂದು ಗದರಿ ಸ್ಟಿಯರಿಂಗಿನ ಮುಂದೆ ಕೂರಿಸಿದ್ದರಂತೆ. ಬಹಳ ಕಾಲ ಆಕೆ ಶಾಲೆಯ ಫೋನು ನೋಡಿಕೊಂಡಿದ್ದರು. ಒಂದು ದಿನ ಪಾಠದ ನಡುವೆಯೇ ಅಣ್ಣನ ಎಡಗಾಲು ಬ್ರೇಕಿನ ಮೇಲಿಂದ ಜಾರಿತು, ಮಾತು ತೊದಲಿತು. ಕಲಿಯುತ್ತಿದ್ದ ಹುಡುಗಿ ಏನೂ ತೋಚದೆ ಹಾರನ್ ಒತ್ತಿಕೊಂಡೇ ಕಾರನ್ನು ಆಸ್ಪತ್ರೆಯವರೆಗೆ ತಂದಳಂತೆ. ಅಣ್ಣ ಬದುಕಿದರು. ಪಕ್ಕದ ಸೀಟಿಗೆ ತಂಗಿ ಬಂದು ಕೂತರು. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ಕಲಿಸುವವರು ಒತ್ತಬೇಕು. ಈಕೆ ಒತ್ತುವ ರಭಸಕ್ಕೆ ಬಂದ ಹೆಸರೇ ಬ್ರೇಕಕ್ಕ. ಅದನ್ನೇ ಅಣ್ಣನ ಫೋನಿನ ಖಾತೆಗೂ ಇಟ್ಟಿದ್ದರು.

ಸಭಾಂಗಣಕ್ಕೆ ಕಾಲಿಟ್ಟವರು ಮೇಲಿನಿಂದ ಇಳಿಬಿಟ್ಟ ಬಣ್ಣದ ಕಾಗದ, ಕೋಟಿ ಅಂಕಿಯ ಆಕಾರದ ಕೇಕು, ಗೋಡೆಯಗಲದ ಪರದೆಯಲ್ಲಿ ಹರಿಯುತ್ತಿದ್ದ ಅಭಿನಂದನೆಗಳು, ಎಲ್ಲವನ್ನೂ ನೋಡಿದರು. ಯಾರೋ ತಲೆಗೆ ಕಾಗದದ ಕಿರೀಟ ಇಡಲು ಬಂದರು. ಅವರ ಕೈ ಗಾಳಿಯಲ್ಲೇ ನಿಂತಿತು, ಹಾಗಿತ್ತು ಅಕ್ಕನ ನೋಟ.

“ಆಟದಣ್ಣ ಅಂದ್ರೆ ಯಾರು ಇಲ್ಲಿ?”

ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡಿದರು. ಸಹೋದ್ಯೋಗಿಗಳ ಒಗ್ಗಟ್ಟನ್ನು ನಾನು ಅಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ.

“ನೀನಾ?” ಎಂದರು. “ನನ್ನ ಮಗನಿಗಿಂತ ಚಿಕ್ಕವನಿದೀಯ. ಅಣ್ಣನಂತೆ ಅಣ್ಣ! ಗುಂಡಿ ಯಾರು ಸರಿ ಮಾಡ್ತಾರೆ? ಕರಿ ಅವರನ್ನ.”

“ಅಮ್ಮಾ, ಮೊದಲು ಕೇಕು,” ಎನ್ನುತ್ತ ಬಲೂನು ನಡುವೆ ನುಸುಳಿದ. “ನೀವು ನಮ್ಮ ಕುಟುಂಬದ ಹಿರಿಯರು! ಎಷ್ಟು ಆಟ ಆಡಿದೀರಿ ನೀವು!”

“ನಾನು ಒಂದೂ ಆಡಿಲ್ಲ. ನಮ್ಮಣ್ಣನ ಬೆರಳು ಮೇಲೇಳಲ್ಲ. ಅದು ಏಳೋದ್ರೊಳಗೆ ನೀವು ಅವನ ಫೋನಿಗೆ ಆಟ ತುಂಬ್ತೀರಿ. ನಾನು ಅಳಿಸ್ತೀನಿ, ನೀವು ಮತ್ತೆ ತುಂಬ್ತೀರಿ. ಅದನ್ನೆಲ್ಲ ಲೆಕ್ಕಕ್ಕೆ ತಗೊಂಡಿದೀರಾ?”

ಮೂಲೆಯಲ್ಲಿ ನಿಂತಿದ್ದ ನಮ್ಮ ಇಂಜಿನಿಯರ್ ಹುಡುಗಿ ನೆಲ ನೋಡಿದಳು.

“ತಗೊಂಡಿದೀರಿ!” ಅಕ್ಕನ ದನಿ ಏರಿತು. “ಮೊದಮೊದಲು ಒತ್ತುತ್ತಿದ್ದ. ಈಗ ಅವನು ಎಡಗೈನ ತೊಡೆ ಮೇಲಿಂದ ಎತ್ತೋದೇ ಇಲ್ಲ. ಬಲಗೈಲಿ ಆಡ್ತಾನೆ. ವ್ಯಾಯಾಮದಾಕೆ ಹೇಳಿ ಹೋದ್ಲು, ಹೀಗೇ ಬಿಟ್ರೆ ಇರೋ ಅಷ್ಟೂ ಹೋಗುತ್ತೆ ಅಂತ. ಅವನ ಕೈ ಹೋಗ್ತಿದೆ, ನೀವು ಕೇಕು ಕತ್ತರಿಸ್ತೀರಾ? ಎಲ್ಲಿ ಆ ಕ್ಯಾಮೆರಾ?”

ಬಲೂನಿನ ಗಾಳಿ ಸರ್ರನೆ ಇಳಿಯಿತು. ಪ್ರಸಾರ ಇನ್ನೇನು ಶುರುವಾಗಬೇಕು. ಆತ ಅಕ್ಕನನ್ನು ಪಕ್ಕಕ್ಕೆ ಕರೆದು, ಎರಡೂ ಕೈ ಜೋಡಿಸಿ, ಸಣ್ಣ ದನಿಯಲ್ಲಿ ಹೇಳಿದ, “ಅಮ್ಮಾ, ನಿಮ್ಮದನ್ನ ಈಗಲೇ ಸರಿ ಮಾಡಿಸ್ತೀನಿ. ಈಗಲೇ! ನೀವು ಕ್ಯಾಮೆರಾ ಮುಂದೆ ನಮ್ಮ ಬಗ್ಗೆ ಎರಡು ಒಳ್ಳೇ ಮಾತು ಹೇಳಿಬಿಡಿ, ಅಷ್ಟೇ.”

ಅಕ್ಕ ಆತನನ್ನೇ ನೋಡಿದರು. ಅಣ್ಣನ ಕೈ ದೊಡ್ಡದೋ ತನ್ನ ಸಿಟ್ಟು ದೊಡ್ಡದೋ ಎಂದು ತೂಗುತ್ತಿದ್ದರೋ ಏನೋ. ಚೀಲದಿಂದ ಅಣ್ಣನ ಫೋನ್ ತೆಗೆದು ಚಾಚಿದರು.

“ಮೊದಲು ಮಾಡು. ಆಮೇಲೆ ಮಾತು.”

ಇಂಜಿನಿಯರ್ ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ಬ್ರೇಕಕ್ಕನ ಖಾತೆ ಹುಡುಕಿದಳು. ಏನೋ ಒಂದು ಗೆರೆ ಬದಲಿಸಿದಳು. ಫೋನು ಆರಿಸಿ ಹೊತ್ತಿಸಿದಳು. ಹಸಿರು ಗುಂಡಿ ಎಡಮೂಲೆಗೆ ಬಂದು ಕೂತಿತ್ತು. ಜಾಹೀರಾತು ಮಾಯ. ಇಷ್ಟಕ್ಕೆ ಕೇಕಿನ ಮೇಲಿನ ಮೇಣದಬತ್ತಿಗಳನ್ನು ಹೊತ್ತಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

“ಇಷ್ಟೇನಾ?” ಅಕ್ಕ ಕೇಳಿದರು.

“ಇಷ್ಟೇ ಅಮ್ಮಾ,” ಎಂದಳು ಹುಡುಗಿ. “ಒಬ್ಬೊಬ್ಬರ ಖಾತೆಗೂ ಹಳೇದನ್ನ ವಾಪಸ್ ಕೊಡಬಹುದು. ಮೊದಲಿಂದಲೂ ಆಗ್ತಿತ್ತು. ನನಗೆ ಯಾರೂ ಹೇಳಲಿಲ್ಲ.”

ಅಕ್ಕ ನನ್ನತ್ತ ತಿರುಗಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಆ ಹುಡುಗಿ ಕೂರುವ ಮೇಜು ನನ್ನ ಮೇಜಿನ ಹಿಂದೆಯೇ ಇದೆ, ನಾನು ಕಾಫಿಗೆ ಹೋಗುವ ದಾರಿಯಲ್ಲಿ. ಅದನ್ನು ಅವರಿಗೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ನನ್ನ ಮೇಲೇ ಉಗುಳಿಕೊಳ್ಳಬೇಕೆನಿಸಿತು.

ಅವರು ಫೋನನ್ನು ಮೇಜಿನ ಮೇಲಿಟ್ಟು ತಮ್ಮ ಎಡ ಹೆಬ್ಬೆರಳಿನಿಂದ ಕಪ್ಪೆ ಹಾರಿಸಿ ನೋಡಿದರು. ಬೆರಳನ್ನು ಎತ್ತದೆ ಬಹಳ ಹೊತ್ತು ಒತ್ತಿಹಿಡಿದೂ ನೋಡಿದರು. ಏನೂ ಇಳಿಯಲಿಲ್ಲ. ಫೋನು ಚೀಲ ಸೇರಿತು, ಚೀಲದ ಜಿಪ್ಪು ಬಿತ್ತು. ಆಮೇಲೆ ಕ್ಯಾಮೆರಾದ ಮುಂದೆ ನೆಟ್ಟಗೆ ನಿಂತರು.

“ಎಲ್ಲರಿಗೂ ನಮಸ್ಕಾರ. ಈ ಅಂಗಡಿಯವರ ಬಗ್ಗೆ ಎರಡು ಒಳ್ಳೇ ಮಾತು ಹೇಳಿ ಅಂದಿದ್ದಾರೆ, ಹೇಳ್ತೀನಿ. ಒಂದು, ಇವರು ಮನಸ್ಸು ಮಾಡಿದ್ರೆ ಕೆಲಸ ಬಹಳ ಬೇಗ ಮಾಡ್ತಾರೆ. ಕಪ್ಪೆ ಆಟದಲ್ಲಿ ಎಡಮೂಲೆ ಜಾಹೀರಾತು ತೆಗೆದು ಹಳೇ ಗುಂಡಿ ಹಾಕಿಕೊಡಿ ಅಂತ ತಿಂಗಳುಗಟ್ಟಲೆ ಗೋಗರೆದೆ. ಈಗ ತಾನೇ, ನಾನು ನಿಂತ ಕಾಲ ಮೇಲೇ ಮಾಡಿಕೊಟ್ರು. ಎರಡು, ಈ ಹುಡುಗಿ ಬಹಳ ಒಳ್ಳೇವಳು. ಯಾರಿಗೆ ಬೇಕಾದ್ರೂ ಮಾಡಿಕೊಡ್ತಾಳೆ. ನಿಮಗೂ ಬೇಕಿದ್ರೆ ಈಗಲೇ ಕೇಳಿ. ಎಲ್ಲರೂ ಇಲ್ಲೇ ಇದಾರೆ, ಪುರುಸೊತ್ತಾಗಿದಾರೆ, ಕೇಕು ತಿಂತಿದಾರೆ.”

ಪರದೆಯಲ್ಲಿ ಹರಿಯುತ್ತಿದ್ದ ಅಭಿನಂದನೆಗಳು ಒಂದು ಕ್ಷಣ ನಿಂತವು. ಆಮೇಲೆ ‘ನನಗೂ’ ಎಂದು ಒಂದು ಬಂತು. ‘ನಮ್ಮಜ್ಜಿಗೂ.’ ‘ನನ್ನ ಮಗು ಒತ್ತಿ ಒತ್ತಿ ಫೋನೇ ತುಂಬಿಹೋಗಿದೆ.’ ‘ಓ, ನಾನೊಬ್ಬಳೇ ಪೆದ್ದಿ ಅಂದ್ಕೊಂಡಿದ್ದೆ!’ ಓದಲಾಗದ ವೇಗದಲ್ಲಿ ಬಂದವು. ಬಲೂನು ಪ್ರಸಾರ ನಿಲ್ಲಿಸಿ ಎಂದು ಕೂಗಿದ. ಅದು ಕೂಡ ಪ್ರಸಾರವಾಯಿತು. ಅಂಗಡಿಯ ಯಜಮಾನರು ಒಳಗಿನಿಂದ ಬಲೂನಿಗೆ ಫೋನ್ ಮಾಡಿ, ಆ ಹಾಳು ಮೂಲೆಯನ್ನು ಎಲ್ಲರಿಗೂ ತೆಗೆದು ಸಾಯಿ ಎಂದರು. ಕೋಟಿ ಹೇಗೂ ಆಗಿತ್ತಲ್ಲ.

ಅಕ್ಕ ಹೊರಟರು. ಬಾಗಿಲಲ್ಲಿ ನಿಂತು, “ಬಾರಪ್ಪಾ ನೀನು. ಹೊರಗೆ ಹೋದಮೇಲೆ ಮತ್ತೆ ಕೆಟ್ರೆ ನಾನು ಯಾರನ್ನ ಹಿಡೀಲಿ?” ಎಂದರು. ಬಲೂನಿನ ಮುಖ ನೋಡುವುದಕ್ಕಿಂತ ಆ ಕಾರು ಹತ್ತುವುದೇ ಕ್ಷೇಮವೆನಿಸಿತು. ದಾರಿಯುದ್ದಕ್ಕೂ ಅವರು ಅಡ್ಡ ಬಂದವರನ್ನೆಲ್ಲ ಬೈದರು. ನನ್ನ ಪಾಲಿನ ಬೈಗುಳವನ್ನು ಇಡೀ ಊರಿಗೆ ಹಂಚಿದಂತಿತ್ತು.

ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಕೈಯಿರುವ ಕುರ್ಚಿಯಲ್ಲಿ ಅಣ್ಣ ಕೂತಿದ್ದರು, ನೀಟಾಗಿ ಕ್ಷೌರ ಮಾಡಿಕೊಂಡ ದಪ್ಪ ಮನುಷ್ಯ. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು.

“ಅಣ್ಣಾ, ಗುಂಡಿ ಬಂತು. ಎಡಗೈ ಎತ್ತು.”

“ಕೂಗಬೇಡ. ಕಿವಿ ಬಿದ್ದಿಲ್ಲ.” ಮಾತು ನಿಧಾನ, ಆದರೆ ಕೊಂಕು ಪೂರ್ತಿ ಇತ್ತು. “ಇವನ್ಯಾರು?”

“ಗುಂಡಿಯವನು.”

ಅಕ್ಕ ಮೇಜಿನ ಮೇಲಿಟ್ಟ ಫೋನಿನ ಮೇಲೆ ಅಣ್ಣ ಎಡಗೈಯನ್ನು ಎತ್ತಿಟ್ಟುಕೊಂಡರು. ಹೆಬ್ಬೆರಳು ನಡುಗಿತು, ಬಾಗಿತು, ಒತ್ತಿತು. ಕಪ್ಪೆ ಒಂದು ಎಲೆ ಹಾರಿತು. ಬೆರಳು ಮೇಲೇಳಲಿಲ್ಲ. ಎಲೆ ಮುಳುಗಿತು, ಕಪ್ಪೆಯೂ ಮುಳುಗಿತು. ಮತ್ತೊಮ್ಮೆ. ಈ ಸಲ ಮೊದಲ ಎಲೆಯೂ ಸಿಗಲಿಲ್ಲ.

“ಮೊದಲು ಆಚೆ ದಡ ಮುಟ್ಟಿಸ್ತಿದ್ದ,” ಎಂದರು ಅಕ್ಕ. ನನಗೆ ಹೇಳಿದ್ದಲ್ಲ.

ಆಗ ನನ್ನ ಫೋನು ಅದುರಿತು. ಬಲೂನಿನ ಸಂದೇಶ. ನನ್ನ ಮುಖ ಬಾಡಿದ್ದು ಕಂಡಿತೇನೋ, ಜೋರಾಗಿ ಓದು ಎಂದರು ಅಕ್ಕ. ಓದಿದೆ. “ಅಲ್ಲೇ ಇದ್ದರೆ ಅವರಣ್ಣ ಆಡುವ ವಿಡಿಯೊ ತೆಗೆದು ಕಳಿಸು. ಖುಷಿಯಾಗಿರಲಿ. ಈ ಗಲಾಟೆಯಿಂದ ಹೊರಬರೋಕೆ ಬೇಕು.”

ಸಂಬಳಕ್ಕೆ ಸೇರಿದ ಮೇಲೆ ಸಿಟ್ಟನ್ನು ಮನೆಯಲ್ಲಿ ಬಿಟ್ಟು ಬರುವುದು ಅಭ್ಯಾಸವಾಗಿತ್ತು. ಅಂದು ಮಾತ್ರ ಅದು ಹೇಳದೆ ಕೇಳದೆ ಬಂತು. ಫೋನನ್ನು ಜೇಬಿಗೆ ತುರುಕಿದೆ.

“ಯಾಕೆ ಒಳಗಿಟ್ಟೆ? ತೆಗಿ,” ಎಂದರು ಅಣ್ಣ.

“ಏನನ್ನ ಸರ್?”

“ವಿಡಿಯೊ. ಕಪ್ಪೆ ಮುಳುಗೋದು ತೆಗಿ. ಒಂದೂ ಬಿಡಬೇಡ.”

ತೆಗೆದೆ. ಅವರು ಒತ್ತುತ್ತಲೇ ಹೋದರು. ಕಪ್ಪೆ ಮುಳುಗುತ್ತಲೇ ಹೋಯಿತು. ಹಣೆಯಲ್ಲಿ ಬೆವರು ಮೂಡಿತು, ಒರೆಸಿಕೊಳ್ಳಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು, ನೆಲದ ಮೇಲೆ ಬ್ರೇಕೇ ಇಲ್ಲದ ಜಾಗದಲ್ಲಿ ಕಾಲೂರಿ ಒತ್ತುತ್ತಿದ್ದರು. ಸಾಕಾಗುವಷ್ಟು ಉದ್ದವಾದ ಮೇಲೆ ಹಾಗೇ ಕಳಿಸಿದೆ.

ಉತ್ತರ ಬಂತು: “ಗೆಲ್ಲೋದು ಒಂದೂ ಇಲ್ವಾ?”

ಅದನ್ನೂ ಜೋರಾಗಿ ಓದಿದೆ. ಅಕ್ಕ ಬಾಯಿ ತೆರೆದರು. ಅಣ್ಣ ಬಲಗೈ ಎತ್ತಿ ತಡೆದರು.

“ಆಮೇಲೆ ಬೈಯಿ. ಗದ್ದಲದಲ್ಲಿ ಬೆರಳು ಏಳಲ್ಲ,” ಎಂದು ಮತ್ತೆ ಮೊದಲ ಎಲೆಯಿಂದ ಶುರು ಮಾಡಿದರು.