ಹಂಪಕ್ಕನ ಜ್ವರ, ಹಂಪಕ್ಕನ ಮಾತು

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಮಿಷನ್ನುಗಳು ಶುರುವಾದರೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಆ ಸದ್ದಿನಲ್ಲಿ ಕೂತು ಹಂಪಕ್ಕ ಬೆಳಗಿನಿಂದ ಸಂಜೆವರೆಗೆ ಸತ್ತ ಗಂಡನ ಜೊತೆ ಮಾತಾಡುತ್ತಿದ್ದಳು. ಗಂಡ ಪೆದ್ದಣ್ಣ ಅದೇ ಶೆಡ್ಡಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಅವನು ಹೋದ ಮೇಲೆ ಅವನ ಮೇಜಿಗೆ ಮಾರೇಶ ಬಂದು ಕತ್ತರಿ ಹಿಡಿದ. ಹಂಪಕ್ಕ ಮಾತ್ರ ಆ ಮೇಜಿನ ಕಡೆ ನೋಡುತ್ತ, "ಏನ್ರೀ, ಇವತ್ತು ಬಟ್ಟಿ ಭಾಳ ದಪ್ಪ ಐತಿ, ಸೂಜಿ ತಡೀವಲ್ದು" ಎನ್ನುವುದನ್ನು ಬಿಡಲಿಲ್ಲ. ಮೊದಮೊದಲು ಮಾರೇಶ ಅವಳ ತುಟಿ ಆಡುವುದು ಕಂಡು ತನಗೇ ಹೇಳುತ್ತಿದ್ದಾಳೆಂದು ತಲೆ ಎತ್ತಿ ನೋಡುತ್ತಿದ್ದ. ಶೆಡ್ಡಿನವರು ನಕ್ಕರು, ಆಡಿಕೊಂಡರು, ಕೊನೆಗೆ ಅವರಿಗೇ ಸಾಕಾಯಿತು. ಮಕ್ಕಳಿಲ್ಲದ ಮನೆಯಲ್ಲಿ ಒಂಟಿಯಾಗಿ ಉಂಡು ಮಲಗುವ ಹೆಂಗಸು ಯಾರ ಜೊತೆಯಾದರೂ ಮಾತಾಡಬೇಕಲ್ಲ. ಬದುಕಿದ್ದವರಿಗೆ ಪುರುಸೊತ್ತಿರಲಿಲ್ಲ, ಸತ್ತವನಿಗಿತ್ತು.

ಒಂದು ದಿನ ಮಿಷನ್ನಿನ ಸೂಜಿ ಅವಳ ತೋರುಬೆರಳಿಗೆ ಇಳಿಯಿತು. ಆ ಕಸುಬಿನಲ್ಲಿ ಅದಕ್ಕೆ ಯಾರೂ ದವಾಖಾನೆಗೆ ಹೋಗುವುದಿಲ್ಲ. ಗಾಯದ ಮೇಲೆ ಒಂದು ತೊಟ್ಟು ಮಿಷನ್ ಎಣ್ಣೆ ಬಿಟ್ಟು, ಜೀನ್ಸಿನ ಚೂರು ಸುತ್ತಿ ಮತ್ತೆ ಹೊಲಿಯಲು ಕೂರುತ್ತಾರೆ. ಹಂಪಕ್ಕನೂ ಹಾಗೇ ಮಾಡಿದಳು. ಬೆರಳು ಊದಿತು, ಕೈ ಕೆಂಪೇರಿತು, ಜ್ವರ ಬಂತು. ಮನೆಯಲ್ಲಿ ಹಣೆ ಮುಟ್ಟಿ ನೋಡುವವರು ಯಾರಿದ್ದರು? ಜ್ವರದಲ್ಲೇ ಕೆಲಸಕ್ಕೆ ಬಂದು ಮಿಷನ್ ಮೇಲೆ ತಲೆ ಇಟ್ಟಾಗ, ಪಕ್ಕದ ಮಿಷನ್ನಿನ ಮಂಜುಳಮ್ಮ ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದಳು.

ಎಮರ್ಜೆನ್ಸಿಯಲ್ಲಿ ಇದ್ದವನು ಮಡಕಶಿರಾ ಕಡೆಯ ಡಾಕ್ಟರು, ಆದಿನಾರಾಯಣ. ಬೆರಳು ನೋಡಿದ ಕೂಡಲೇ ಇಂಜೆಕ್ಷನ್ ಕೊಡಿಸಿ ಸಲೈನ್ ಹಾಕಿಸಿದ. ಸೋಂಕು ಮೈಗೆಲ್ಲ ಹರಡಿದೆ ಎಂಬ ಅನುಮಾನ ಬಂದಾಗ ಡಾಕ್ಟರುಗಳು ಮುಖ್ಯವಾಗಿ ಮೂರು ನೋಡುತ್ತಾರೆ: ಉಸಿರು ಎಂದಿಗಿಂತ ಜೋರಾಗಿ ಓಡುತ್ತಿದೆಯಾ, ಬಿ.ಪಿ. ಇಳಿದಿದೆಯಾ, ಬುದ್ಧಿ ಎಂದಿನಂತಿದೆಯಾ. ಮೂರರಲ್ಲಿ ಎರಡು ಕೆಟ್ಟಿದ್ದರೆ ಜೀವಕ್ಕೆ ಅಪಾಯ ಹೆಚ್ಚು, ತಡ ಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಹಂಪಕ್ಕನ ಉಸಿರು ಜೋರಾಗಿ ಓಡುತ್ತಿತ್ತು. ಬಿ.ಪಿ. ಇನ್ನೂ ಇಳಿದಿರಲಿಲ್ಲ. ಉಳಿದದ್ದು ಬುದ್ಧಿ. ಅವಳಂತೂ ಒಂದೇ ಸಮನೆ ಏನೋ ಮಾತಾಡುತ್ತಿದ್ದಳು.

"ಇವ್ರು ಯಾವಾಗ್ಲೂ ಇಂಗೇ ಮಾತಾಡ್ತಾರಾ, ಇಲ್ಲ ಇವತ್ತೇ ಇಂಗಾ?" ಡಾಕ್ಟರು ಕೇಳಿದ.

"ಯಾವಾಗ್ಲೂ ಹಿಂಗ ರೀ ಸಾರ್," ಎಂದಳು ಮಂಜುಳಮ್ಮ. "ಗಂಡ ಸತ್ತಾಗಿಂದ ಹಿಂಗ."

ಹಾಗಾದರೆ ಬುದ್ಧಿ ಕೆಟ್ಟಿಲ್ಲ ಎಂದುಕೊಂಡು ಡಾಕ್ಟರು ಅವಳನ್ನು ಅಲ್ಲೇ ಮಲಗಿಸಿದ. ಅವನಾದರೂ ಏನು ಮಾಡಬೇಕು? ರೋಗಿಯ ಎಂದಿನ ಗುಣ ಮನೆಯವರಿಗೆ ಗೊತ್ತಿರಬೇಕು. ಇಲ್ಲಿ ಮನೆಯವರೆಂದರೆ ಪಕ್ಕದ ಮಿಷನ್ನಿನವಳು.

ಮಧ್ಯಾಹ್ನ ಜಾರಿತು. ಮಂಜುಳಮ್ಮ ಎಳನೀರು ಕುಡಿಸಲು ಬಗ್ಗಿದಾಗ ಹಂಪಕ್ಕ ಅವಳ ಮುಖವನ್ನೇ ನೋಡುತ್ತ, "ಏನ್ರೀ, ಇಷ್ಟ್ಯಾಕ ಸೊರಗೀರಿ? ಉಂಡಿಲ್ಲೇನ್ರೀ?" ಅಂದಳು. ಮಂಜುಳಮ್ಮ ಎಳನೀರು ಕೆಳಗಿಟ್ಟಳು. ಇಷ್ಟು ವರ್ಷ ಹಂಪಕ್ಕ ಗಂಡನ ಜೊತೆ ಮಾತಾಡಿದ್ದು ಅವನ ಮೇಜಿನ ಕಡೆ ನೋಡಿಕೊಂಡು, ಯಾರ ಮುಖ ನೋಡಿಯೂ ಅಲ್ಲ. ಬದುಕಿದ್ದವರನ್ನು ಒಮ್ಮೆಯೂ ಅವನೆಂದು ತಿಳಿದವಳಲ್ಲ. ಮಂಜುಳಮ್ಮ ಡಾಕ್ಟರ ಹತ್ತಿರ ಓಡಿದಳು. "ಸಾರ್, ನಾ ತಪ್ಪು ಹೇಳಿದ್ನಿರಿ. ಆಕಿಗೆ ನನ್ನ ಗುರುತು ಸಿಗವಲ್ದು. ಇದು ಆಕಿ ದಿನದ ಮಾತಲ್ಲರಿ."

ಅಷ್ಟರಲ್ಲಿ ಬಿ.ಪಿ.ಯೂ ಇಳಿಯತೊಡಗಿತ್ತು. 108 ಗಾಡಿಯಲ್ಲಿ ಅನಂತಪುರಕ್ಕೆ ಒಯ್ದರು. ಬೆರಳಿನ ತುದಿ ಹೋಯಿತು, ಜೀವ ಉಳಿಯಿತು.

ಹಂಪಕ್ಕನಿಗೆ ಇದ್ಯಾವುದೂ ನೆನಪಿಲ್ಲ. ಊರಿಗೆ ಬಂದ ಮೇಲೆ ಮಂಜುಳಮ್ಮನೇ ಎಲ್ಲ ಹೇಳಿ ಅತ್ತಳು. "ಯಾವಾಗ್ಲೂ ಹಿಂಗ ಅಂದ್ಬಿಟ್ಟೆ ಹಂಪಕ್ಕಾ. ಅರ್ಧ ದಿನ ನಿನ್ನ ಅಲ್ಲೇ ಬಿಟ್ಟಿದ್ರು. ಇನ್ನೊಂಚೂರು ತಡ ಆಗಿದ್ರ ನೀನಿರ್ತಿರ್ಲಿಲ್ಲಂತ."

"ನೀ ಸುಳ್ಳೇನು ಹೇಳಿಲ್ಲ ಬಿಡು," ಎಂದಳು ಹಂಪಕ್ಕ. ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಜ್ವರ ಬಂದು ತಾನು ಹುಚ್ಚುಹುಚ್ಚಾಗಿ ಬಡಬಡಿಸಿದರೂ ಊರಿಗೆ ಅದು ದಿನದ ಮಾತೇ. ಆ ಸಲವೇನೋ ಮಂಜುಳಮ್ಮ ಬಗ್ಗಿ ನೋಡಿದಳು. ಪ್ರತಿ ಸಲ ಯಾರು ಬಗ್ಗಿ ನೋಡುತ್ತಾರೆ?

ಮರುದಿನ ಶೆಡ್ಡಿಗೆ ಹೋಗಿ ಎಲ್ಲರೆದುರು ಹೇಳಿದಳು, "ಇನ್ನ ಮ್ಯಾಲ ನಾ ಒಬ್ಬಾಕಿನ ಮಾತಾಡೋದು ಕಂಡ್ರ ಏನೂ ಕೇಳಬ್ಯಾಡ್ರಿ, ಸೀದಾ ದವಾಖಾನಿಗೆ ಒಯ್ರಿ." ಎಲ್ಲರೂ ನಕ್ಕರು. ಅವಳು ನಗದೆ ಹೊಲಿಯಲು ಕೂತಳು. ಎಷ್ಟೋ ಸಲ ನಾಲಿಗೆ ತುದಿಗೆ "ಏನ್ರೀ" ಬಂತು. ತುಟಿ ಕಚ್ಚಿ ಹಿಡಿದಳು.

ಮನೆಯಲ್ಲಿ ಮಾತಾಡಿದರೆ ಕೇಳುವವರು ಯಾರೂ ಇಲ್ಲ, ನಿಜ. ಆದರೆ ನಾಲಿಗೆಗೆ ಮನೆ ಯಾವುದು, ಶೆಡ್ಡು ಯಾವುದು ಎಂದು ಗೊತ್ತಾಗುವುದಿಲ್ಲ. ಆ ಸಂಜೆ ಒಲೆ ಹೊತ್ತಿಸುವ ಮೊದಲು ಪೆದ್ದಣ್ಣ ಮಲಗುತ್ತಿದ್ದ ಮೂಲೆ ಕಡೆ ತಿರುಗಿ ಕೂತಳು.

"ನೋಡ್ರಿ, ಇನ್ನ ನಿಮ್ಮ ಜೋಡಿ ಮಾತಾಡಂಗಿಲ್ಲ ನಾನು. ಬದುಕಬೇಕಂದ್ರ ಬಿಡಬೇಕಾಗೈತ್ರಿ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

ಅಷ್ಟು ಹೇಳಿ ಎದ್ದು ಅನ್ನಕ್ಕೆ ಎಸರಿಟ್ಟಳು.