ಮುಖವಾಡದವನಿಗೆ ಎರಡು ಗಂಟಲು

ನಮ್ಮ ಮಂಡಕ್ಕಿ ಅಂಗಡಿಗೆ ಪೊಟ್ಟಣ ಕಟ್ಟಲು ರದ್ದಿ ಕಾಗದ ಬರುತ್ತದೆ. ಹೋದ ವರ್ಷ ಬೊಂಬಾಯಿ ಕಡೆಯ ಒಂದು ರದ್ದಿ ಕಟ್ಟಿನಲ್ಲಿ ಬಣ್ಣದ ಇಂಗ್ಲಿಷ್ ಚಿತ್ರಕಥೆಯ ಪುಸ್ತಕ ಸಿಕ್ಕಿತು. ಅದರ ನಾಯಕ ಹಗಲೆಲ್ಲ ಕಚೇರಿಯಲ್ಲಿ ಬೈಸಿಕೊಳ್ಳುವ ಗುಮಾಸ್ತ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಬೆನ್ನಿಗೆ ಕೆಂಪು ಬಟ್ಟೆ ಇಳಿಬಿಟ್ಟನೆಂದರೆ ಮಾಳಿಗೆಯಿಂದ ಮಾಳಿಗೆಗೆ ಹಾರುವ ಮಹಾಶೂರ. ನಾನು ಪೂರ್ತಿ ನೋಡುವಷ್ಟರಲ್ಲಿ ಅಪ್ಪ ನಡುವಿನ ಹಾಳೆಗಳನ್ನು ಹರಿದು ಪೊಟ್ಟಣ ಕಟ್ಟಿಬಿಟ್ಟಿದ್ದರು. ಕಳ್ಳರು ಶೂರನನ್ನು ಕಟ್ಟಿಹಾಕಿದ ಹಾಳೆ ಉಳಿದಿತ್ತು. ಅವನು ಬಿಡಿಸಿಕೊಂಡ ಹಾಳೆ ಯಾರದೋ ಖಾರಮಂಡಕ್ಕಿಯ ಜೊತೆ ಆನಗೋಡಿಗೆ ಹೋಗಿತ್ತು.

ಹೋದರೆ ಹೋಗಲಿ ಎಂದು ನಾನೇ ಅವನ ಕಟ್ಟು ಬಿಡಿಸಿದೆ. ಸಂಜೆ ಗಿರಾಕಿಗಳಿಗೆ ಚಿತ್ರ ತೋರಿಸುತ್ತ, ಇಲ್ಲದ ಹಾಳೆಗೆ ಸುಳ್ಳು ಸೇರಿಸುತ್ತ ಕಥೆ ಹೇಳುತ್ತಿದ್ದೆ. ಮೆಣಸಿನಕಾಯಿ ಬಜ್ಜಿ ಆರಿಹೋದರೂ ಜನ ಏಳುತ್ತಿರಲಿಲ್ಲ. ದಾವಣಗೆರೆಯಲ್ಲಿ ನನ್ನ ಗಂಟಲಿಗೆ ಸ್ವಲ್ಪ ಹೆಸರಿದೆ. ಹೈಸ್ಕೂಲು ಮೇಷ್ಟರ ಕೆಮ್ಮು, ಅಪ್ಪನ ಆಕಳಿಕೆ, ಹರಿಹರದ ಬಸ್ಸಿನ ಕಂಡಕ್ಟರನ ಕೂಗು, ಎಲ್ಲ ಮಾಡುತ್ತೇನೆ. ನನ್ನ ಸ್ವಂತ ಧ್ವನಿ ಮಾತ್ರ ಒಡೆದ ಪೀಪಿಯಂತಿದೆ. ಅದನ್ನು ಮನೆಯವರ ಮೇಲಷ್ಟೇ ಬಳಸುತ್ತೇನೆ.

ಆ ಶೂರನ ಸಿನಿಮಾವೇ ಹರಿಹರದ ಹೊಳೆದಂಡೆಯ ಟೆಂಟಿಗೆ ಬಂತು. ಮಾತೆಲ್ಲ ಇಂಗ್ಲಿಷು. ಅಂಗಡಿಯಲ್ಲಿ ನನ್ನ ಕಥೆ ಕೇಳಿದ್ದ ಟೆಂಟಿನ ಸಾಹೇಬರು, ಪರದೆಯ ಪಕ್ಕ ನಿಂತು ತಗಡಿನ ತುತ್ತೂರಿಯಲ್ಲಿ ಕನ್ನಡದಲ್ಲಿ ಹೇಳು ಎಂದು ಕರೆದರು. ನಾನು ಹಾರಿಕೊಂಡು ಹೋದೆ. ಯಾಕೆಂದರೆ ಸೋದರಮಾವ ಹತ್ತಿ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ನನಗೊಂದು ಕೆಲಸ ಹೇಳಿಟ್ಟಿದ್ದರು. ಅಲ್ಲಿ ಸದ್ದು ಎಷ್ಟೆಂದರೆ ಪಕ್ಕದವನು ಕಿರುಚಿದರೂ ಬಾಯಿ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಸೋಮವಾರದೊಳಗೆ ಟೆಂಟಿನ ಕೆಲಸ ಗಟ್ಟಿಯಾದರೆ ಸರಿ, ಇಲ್ಲದಿದ್ದರೆ ಗಿರಣಿ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಶನಿವಾರ ಮೊದಲ ಆಟ. ಹಾಳೆಯ ಕೆಂಪು ಬಟ್ಟೆ ಪರದೆಯ ಮೇಲೆ ಬೂದಿ ಬಣ್ಣವಾಗಿತ್ತು. ಆ ಕೊರತೆ ತುಂಬಲು ನಾನು ಕಂಪನಿ ನಾಟಕದ ಗಂಟಲು ತೆಗೆದೆ. ಗುಮಾಸ್ತ ನೀರು ಕೇಳಿದರೂ “ಎಲೈ, ಜಲವನ್ನು ತಾ!” ಶೂರ ಬಂದರೂ ಅದೇ ಅಬ್ಬರ. ಗುಮಾಸ್ತನ ಎದುರು ಮೇಜಿನಲ್ಲೇ ಕೆಲಸ ಮಾಡುವ ಹುಡುಗಿ ಮುಖವಾಡದವನನ್ನು ಕಂಡು “ನೀನು ಯಾರು?” ಎಂದಳು. ನೆಲದ ಮೇಲೆ ಕೂತಿದ್ದ ಭಾನುವಳ್ಳಿಯ ಹೆಂಗಸೊಬ್ಬರು ತಡೆದುಕೊಳ್ಳಲಿಲ್ಲ.

“ಅಯ್ಯ ಇವಳ! ದಿನಾ ಎದ್ರಿಗೆ ಕೂತಿರ್ತಾನೆ, ಗೊತ್ತಾಗ್ಲಿಲ್ಲೇನೇ?”

“ಕಣ್ಣಿಗೆ ಪಟ್ಟಿ ಕಟ್ಯಾನಲ್ಲೇ,” ಎಂದರು ಗಂಡ.

“ಪಟ್ಟಿ ಕಟ್ಟಿದ್ರೆ ನಡಿಗೆ ಎಲ್ಲಿಗೆ ಹೋಗ್ತೈತ್ರಿ? ನೀವು ಕಂಬಳಿ ಮುಸುಕು ಹಾಕ್ಕಂಡು ಬಂದ್ರೂ ಓಣಿ ತುದಿಯಾಗೇ ಗುರುತು ಹಿಡೀತೀನಿ ನಾನು!”

ಟೆಂಟೆಲ್ಲ ನಕ್ಕಿತು. ಆಮೇಲೆ ಶೂರ ಬಂದಾಗಲೆಲ್ಲ “ಬಂದ ನೋಡ್ರಪ್ಪಾ ಗುಮಾಸ್ತ!” ಇನ್ನು ಹಗ್ಗ ಬಿಡಿಸಿಕೊಂಡ ಬಗೆ, ನಾನು ವರ್ಷವಿಡೀ ತಿಳಿಯಬೇಕೆಂದಿದ್ದದ್ದು: ಬೂಟಿನೊಳಗೆ ಚಾಕು. ಅಷ್ಟೇ! ನನ್ನ ಸುಳ್ಳೇ ಚೆನ್ನಾಗಿತ್ತು. ಇಂಟರ್ವಲ್‌ನಲ್ಲಿ ಚಹಕ್ಕೆ ಹೋದವರಲ್ಲಿ ಅರ್ಧ ಜನ ತಿರುಗಿ ಬರಲಿಲ್ಲ.

“ಬೇಟಾ, ಅಂಗಡಿಯಾಗ ಅಷ್ಟು ಚಂದ ಹೇಳ್ತಿದ್ದಿ. ಇಲ್ಲಿ ಏನಾತು?” ಎಂದರು ಸಾಹೇಬರು.

“ಸಿನಿಮಾನೇ ಸರಿ ಇಲ್ಲ ಸಾಹೇಬ್ರೆ.”

“ಸಿನಿಮಾ ಬದಲ್ ಮಾಡಾಕ ನನ್ನ ಕೈಲಿ ಆಗಲ್ಲಪ್ಪ. ನಿನ್ನ ಬದಲ್ ಮಾಡಬಹುದು. ನಾಳೆ ಒಂದಿನ ನೋಡ್ತೀನಿ.”

ಭಾನುವಾರ ಹರಿಹರದ ಬಸ್ಸಿನಲ್ಲಿ ಅದೇ ಯೋಚನೆ. ಅಂಗಡಿಯಲ್ಲಿ ಒಬ್ಬರೂ ಕೇಳದ ಪ್ರಶ್ನೆಯನ್ನು ಟೆಂಟಿನಲ್ಲಿ ಯಾಕೆ ಕೇಳಿದರು? ಹಾಳೆಯ ಮೇಲೆ ಅವನು ನಡೆಯುತ್ತಿರಲಿಲ್ಲ, ಪ್ರತಿ ಚೌಕದಲ್ಲೂ ನಿಂತಿರುತ್ತಿದ್ದ. ಪರದೆಯ ಮೇಲೆ ನಡೆದ; ನಡೆದವನು ನಮ್ಮ ಕಡೆಯ ಜನರ ಕೈಗೆ ಸಿಕ್ಕಿಬಿದ್ದ. ಇಷ್ಟು ತಿಳಿಯಿತು. ಆದರೆ ಅವನ ಕಾಲು ಹಿಡಿದು ನಿಲ್ಲಿಸುವುದು ಹೇಗೆ?

ಇಳಿದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹ ಕುಡಿಯುತ್ತಿದ್ದೆ. ಬಿಳಿ ಪಂಚೆಯ ಬಡಕಲು ಮನುಷ್ಯರೊಬ್ಬರು ಬಂದು, “ಒಂಚೂರು ಸರಕಂತೀರೇನ್ರಿ?” ಎಂದರು. ಸರಿದೆ. “ಯಾಕ್ರಿ, ಇವತ್ತು ಮಾತೇ ಇಲ್ಲ?” ಎಂದರು.

“ಯಾರು ಅಂತ ತಿಳೀಲಿಲ್ಲಲ್ರಿ.”

“ನಿಮ್ಮ ಮಂಡಕ್ಕಿ ಮೂಟೆನ ಬಸ್ಸಿನ ಮ್ಯಾಲೆ ಹಾಕ್ಸೋನು ನಾನೇ ಅಲ್ಲೇನ್ರಿ? ಇವತ್ತು ರಜ ಐತೆ.”

ಕಂಡಕ್ಟರ್! ಊರಿಗೆಲ್ಲ ಅವರ ಕೂಗನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ ನಾನು, ಮೊಣಕೈಗೆ ಮೊಣಕೈ ತಾಗಿಸಿ ಕೂತವರನ್ನೇ ಗುರುತಿಸಲಿಲ್ಲ. ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು. “ಬಸ್ಸಿನಾಗ ಎಲ್ಲರಿಗೂ ‘ಲೇ’ ಅಂತೀರಲ್ರಿ?”

“ಅಲ್ಲಿ ‘ರಿ’ ಅಂದ್ರೆ ಯಾರೂ ಒಳಗ ಸರಿಯಲ್ರಿ,” ಎಂದು ಅವರು ಚಹವನ್ನು ಸಾಸರಿಗೆ ಸುರಿದುಕೊಂಡರು. “ಖಾಕಿ ತೊಟ್ಟ ಮ್ಯಾಲೆ ‘ಲೇ’ ತಾನಾಗೇ ಬರ್ತೈತೆ. ಮನೀಗೆ ಹೋಗಿ ಖಾಕಿ ಬಿಚ್ಚಿದ್ರೆ ನಮ್ಮ ಬೆಕ್ಕಿಗೂ ‘ರಿ’ ಅಂತೀನಿ.”

ನಾನು ಚಹ ಅರ್ಧಕ್ಕೇ ಬಿಟ್ಟು ಎದ್ದೆ. ಆ ಇಂಗ್ಲಿಷಿನಲ್ಲಿ ದೊಡ್ಡವರಿಗೂ ಕಳ್ಳರಿಗೂ ಒಂದೇ ಸಂಬೋಧನೆ. ಪಾಪ, ಶೂರನಿಗೆ ಅಡಗಿಕೊಳ್ಳಲು ಜಾಗವೇ ಇರಲಿಲ್ಲ. ನಮ್ಮಲ್ಲಿದೆಯಲ್ಲ!

ಸಂಜೆ ಟೆಂಟು ತುಂಬಿತ್ತು. ಭಾನುವಳ್ಳಿಯ ಆ ಹೆಂಗಸು ನಗಲೆಂದೇ ಓಣಿಯವರನ್ನೆಲ್ಲ ಕರೆತಂದಿದ್ದರು. ಗುಮಾಸ್ತ ಬಂದ. ತೆಳ್ಳನೆಯ ಧ್ವನಿಯಲ್ಲಿ ನಾನು, “ಒಂಚೂರು ಸರಕಂತೀರೇನ್ರಿ?” ಎಂದೆ. ಕಚೇರಿಯ ಯಜಮಾನ ಬೈದ. “ತಪ್ಪಾತ್ರಿ,” ಎಂದೆ. ಜವಾನನಿಗೂ “ರಿ”, ಕಿಟಕಿಯ ಪಾರಿವಾಳಕ್ಕೂ “ರಿ”. ಜನ ಮುಸಿಮುಸಿ ನಕ್ಕರು. ಆಮೇಲೆ ಪಟ್ಟಿ ಕಟ್ಟಿಕೊಂಡವನು ಮಾಳಿಗೆಯ ತುದಿಯಲ್ಲಿ ನಿಂತ. ತುತ್ತೂರಿ ನಡುಗುವಂತೆ ಕೂಗಿದೆ: “ಯಾವನಲೇ ಅವನು ಬಾಗಿಲಾಗ ನಿಂತೋನು? ಒಳಗ ನಡೀಲೇ! ರೈ... ಟ್!” ಅವನು ಹಾರಿದ. ಟೆಂಟಿಗೆ ಟೆಂಟೇ “ರೈಟ್!” ಎಂದಿತು.

ಹುಡುಗಿ ಎದುರು ಬಂದಳು. “ನೀನು ಯಾರು?” ಎಂದು ಹೇಳುವಾಗ ನನ್ನ ಸ್ವಂತ ಪೀಪಿಯೇ ಹೊರಬಿತ್ತು. ಕಿವಿಯಲ್ಲಿ ಮಗ್ಗಗಳ ಸದ್ದು ಕೇಳಿಸತೊಡಗಿತ್ತು.

ಗಂಡ ಹೆಂಡತಿಯನ್ನು ಕೆಣಕಿದರು: “ಕೇಳಲೇ ಈಗ, ನಡಿಗೆ ಗೊತ್ತಾಗ್ಲಿಲ್ಲೇನು ಅಂತ.”

“ಸುಮ್ನಿರ್ರಿ!” ಎಂದರು ಆಕೆ. “ಅವಳಿಗೆ ಗೊತ್ತಾದ್ರೆ ಪಾಪ ಅವನ ಕೆಲಸ ಹೋಗ್ತೈತೆ.”

ಕೊನೆಯವರೆಗೂ ಯಾರೂ ಗುಟ್ಟು ಬಿಡಲಿಲ್ಲ. ನಡಿಗೆ ಮಾತ್ರ ನಿನ್ನೆಯದೇ.

ಆಟ ಮುಗಿದ ಮೇಲೆ ಸಾಹೇಬರು ನನ್ನ ಭುಜ ತಟ್ಟಿ, “ನಾಳೆಯಿಂದ ದಿನಾ ಬೇಗ ಬಾರಪ್ಪ,” ಎಂದರು. ಹಿಂದಿನ ಬೆಂಚಿನಿಂದ ಬಿಳಿ ಪಂಚೆಯೊಂದು ಎದ್ದು, ದಾರಿ ಬಿಡಿ ಎಂದು ಎಲ್ಲರನ್ನೂ ಬೇಡಿಕೊಳ್ಳುತ್ತ ಹೊರಗೆ ಹೋಯಿತು. “ರೈಟ್! ರೈಟ್!” ಎಂದು ಕೂಗುತ್ತಿದ್ದ ಜನ ಅದನ್ನು ಪಕ್ಕಕ್ಕೆ ನೂಕಿದರು.

ಸೋಮವಾರ ಬಸ್ಸು ಹತ್ತಿದೆ. “ಮೂಟೆ ಇಲ್ದೆ ಬಂದ್ಯೇನಲೇ? ಒಳಗ ನಡಿ!” ಖಾಕಿ ಗುಡುಗಿತು. ಟಿಕೀಟು ಹರಿದು ಕೊಡುವಾಗ ಬಗ್ಗಿ, ನನಗಷ್ಟೇ ಕೇಳುವಂತೆ, “ಚಂದ ಇತ್ರಿ. ಆ ‘ರಿ’ ನಂದೇ ಅಂತ ಯಾರ್ಗೂ ಹೇಳಬ್ಯಾಡ್ರಿ ಮತ್ತೆ,” ಎಂದರು.

“ಇಲ್ರಿ,” ಎಂದೆ, ಒಡೆದ ಪೀಪಿಯಲ್ಲೇ.

“ಏನಲೇ ಗುಸುಗುಸು? ರೈ... ಟ್!”

ನಾನು ಒಳಗೆ ಸರಿದೆ.