ಗಾಣ ತೆಗೆಯಲು ಹೋದದ್ದು

ಗಾಣದ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿತ್ತೋ ಇಲ್ಲವೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಕುದೇರಿನ ಆ ಮುದುಕ ಗಾಣಿಗರ ಮುಂದೆ ಕ್ಯಾಮೆರಾ ಪೆಟ್ಟಿಗೆ ಹಿಡಿದು ನಿಂತು, “ನಿಮ್ಮ ಗಾಣ ತೆಗೆಯೋಕೆ ಬಂದಿದ್ದೀನಿ” ಎಂದವನು ನಾನೇ. ‘ಫೋಟೊ’ ಎಂಬ ಮಾತು ಬಾಯಿಗೆ ಬರಲಿಲ್ಲ. ಐವತ್ತರ ದಶಕ, ಪಕ್ಕದ ಸಂತೆಮರಹಳ್ಳಿಗೆ ಆಗಷ್ಟೇ ಎಣ್ಣೆ ಮಿಲ್ಲು ಬಂದಿತ್ತು. ಹಳೆಯ ಕಸುಬುಗಳ ಚಿತ್ರ ಹಿಡಿಯುತ್ತ ನಾನು ಊರೂರು ಅಲೆಯುತ್ತಿದ್ದೆ. ಪ್ಯಾಂಟು ತೊಟ್ಟ ನನ್ನನ್ನು ಅವರು ಗಾಣ ಕಿತ್ತೊಯ್ಯಲು ಬಂದ ಸರ್ಕಾರದವನೆಂದುಕೊಂಡರು.

ಓಡಿಹೋಗಿ ಗಾಣವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. “ನಮ್ಮಪ್ಪನ ಕಾಲದ್ದು ಸ್ವಾಮಿ! ಇದ ತೆಗಿಯದಾದ್ರ ಮೊದ್ಲು ನನ್ನ ತೆಗೀರಿ!”

ನನಗಿನ್ನೂ ವಿಷಯ ತಿಳಿದಿರಲಿಲ್ಲ. “ಆಗಲಿ ಅಜ್ಜ, ನಿಮ್ಮನ್ನೇ ತೆಗೀತೀನಿ, ಅಲುಗಾಡಬೇಡಿ” ಎಂದು ಗುಂಡಿ ಒತ್ತಿದೆ.

ಒಳಗಿಂದ ಬಂದ ಅವರ ಹೆಂಡತಿ ಪೆಟ್ಟಿಗೆ ನೋಡಿ ನಕ್ಕುಬಿಟ್ಟರು. “ಪೋಟ ತೆಗಿಯಕ್ ಬಂದವ್ರೆ ಕಣ, ಬುಡು ಅದ! ನನ್ನ ಒಂದಿನಾನೂ ಇಂಗ್ ತಬ್ಕಂಡಿಲ್ಲ!”

ಚಿತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಅಡಿಬರಹ: ‘ಕಸುಬಿನ ಮೇಲಿನ ಪ್ರೀತಿ’. ಎಲ್ಲರೂ ಮೆಚ್ಚಿದರು, ನಾನೂ ತೆಪ್ಪಗಿದ್ದೆ. ಮತ್ತೆ ಕುದೇರಿಗೆ ಹೋಗಲಿಲ್ಲ. ಆ ಗಾಣವನ್ನು ಕೊನೆಗೆ ನಿಜವಾಗಿ ತೆಗೆದವರು ಯಾರು, ಯಾವಾಗ ತೆಗೆದರು, ನನಗೆ ಗೊತ್ತಿಲ್ಲ.